ಸೋಪಿನ ಪೊರೆಯ ಅಂಚು

ಮನೆ,
ಭಾನುವಾರ ಮಧ್ಯಾಹ್ನ, ಜೂನ್ ೧೪

ಪ್ರೀತಿಯ ಪುಟ್ಟೀ,

ನಿನ್ನ ಕೆಮ್ಮು ಈಗ ಹೇಗಿದೆ? ಔಷಧಿ ಪೂರ್ತಿ ಮುಗಿಸಿದೆಯೋ, ಎರಡು ದಿನ ಕುಡಿದು ಬಾಟಲಿಯನ್ನು ಕಪಾಟಿಗೆ ಸೇರಿಸಿದೆಯೋ? ನನ್ನ ಮಂಡಿನೋವು ಹಾಗೇ ಇದೆ, ಹೋಗು ಅಂದರೂ ಹೋಗದ ನೆಂಟನ ಹಾಗೆ.

ನಿಮ್ಮಪ್ಪನ ಸುದ್ದಿಗೆ ಬರುತ್ತೇನೆ. ಪ್ರೊಫೆಸರ್ ಆದಾಗಿನಿಂದ ಅವರು ಬೆನ್ನು ಹತ್ತಿದ್ದ ಆ ಒಂದು ಲೆಕ್ಕ ಇತ್ತಲ್ಲ, ಅದನ್ನು ಬೇರೆಯವರು ಬಿಡಿಸಿಬಿಟ್ಟರು. ಬೇರೆಯವರೆಂದರೆ ಅವರ ಹಳೆಯ ವಿದ್ಯಾರ್ಥಿನಿಯೇ. ನೀನು ಬಿರುಗಾಳಿ ಅಕ್ಕ ಅನ್ನುತ್ತಿದ್ದೆಯಲ್ಲ, ಅವಳು. ಈಗ ಅವಳೂ ಪ್ರೊಫೆಸರ್. ಅಚ್ಚಿಗೆ ಕೊಡುವ ಮೊದಲು ಸರ್ ನೋಡಲಿ ಎಂದು ಮಂಗಳವಾರ ಮನೆಗೇ ಬಂದಳು. ಇವರು ಊಟದ ಮೇಜಿನ ಮೇಲೆ ಪುಟಗಳನ್ನು ಹರಡಿಕೊಂಡು ಓದತೊಡಗಿದರು. ಅವಳು ಉಗುರು ಕಚ್ಚುತ್ತಾ ಕೂತಳು. ನನಗೋ ಒಂದೇ ಯೋಚನೆ. ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ, ಈ ಮನುಷ್ಯ ತಡೆದುಕೊಂಡಾರೇ?

ಕೊನೆಯ ಪುಟ ಮುಗಿಸಿ ಕನ್ನಡಕ ತೆಗೆದರು. "ನಾನು ಸಿಕ್ಕಿಹಾಕಿಕೊಂಡ ಜಾಗದಿಂದಲೇ ಶುರು ಮಾಡಿದ್ದೀಯಲ್ಲೇ ಹುಡುಗಿ! ಇದು ಹೇಗೆ ಹೊಳೀತು ನಿಂಗೆ?" ಎಂದರು. ಕಣ್ಣಲ್ಲಿ ನೀರಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಹೋಗಿ ಕೂತರು.

ಮದುವೆಯಾದಾಗಿನಿಂದ ಕೇಳದ್ದನ್ನು ಅವತ್ತು ನಾನು ಕೇಳಿಬಿಟ್ಟೆ: "ಅದೇನು ಅಂತ ನಂಗೂ ಸ್ವಲ್ಪ ಹೇಳ್ರೀ." ಇಬ್ಬರಿಗೂ ಅಷ್ಟೇ ಸಾಕಾಯಿತು. ತಂತಿಯನ್ನು ಅಡ್ಡಾದಿಡ್ಡಿ ಬಾಗಿಸಿ ಸೋಪಿನ ನೀರಲ್ಲಿ ಅದ್ದಿ ಎತ್ತಿದರು. ಬಣ್ಣಬಣ್ಣದ ತೆಳ್ಳನೆಯ ಪೊರೆ! ತಂತಿ ಎಷ್ಟೇ ಡೊಂಕಿರಲಿ, ಪೊರೆ ತನ್ನ ಹರವನ್ನು ಆದಷ್ಟು ಚಿಕ್ಕದು ಮಾಡಿಕೊಳ್ಳುತ್ತದಂತೆ. ಆದರೆ ತಂತಿಗೆ ತಾಗುವ ಅಂಚಿನಲ್ಲಿ ಅದು ನುಣುಪಾಗಿರುತ್ತದೆಯೋ, ಮಡಿಕೆ ಬೀಳುತ್ತದೆಯೋ? ಇಷ್ಟೇ ಕಣೇ ನಿಮ್ಮಪ್ಪನ ಅರ್ಧ ಆಯುಷ್ಯ! "ನುಣುಪಾಗಿದೆಯಲ್ಲ, ಕಣ್ಣಿಗೇ ಕಾಣ್ತಿದೆ" ಅಂದೆ. "ಇದೊಂದರಲ್ಲಿ ಕಾಣ್ತಿದೆ ಅಮ್ಮಾ. ಎಲ್ಲ ತಂತಿಗೂ ಹಾಗೇನಾ ಅನ್ನೋದೇ ತಲೆನೋವಾಗಿತ್ತು" ಎಂದು ಬಿರುಗಾಳಿ ನಕ್ಕಳು. ನನಗೂ ಹುಚ್ಚು ಹಿಡಿಯಿತು. ಸಂಜೆಯ ತನಕ ತಂತಿ ಬಾಗಿಸುತ್ತಾ, ಅದ್ದುತ್ತಾ ಕೂತೆ. ಅಡುಗೆಮನೆಯ ನೆಲವೆಲ್ಲ ಜಾರುಬಂಡೆ.

ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಜೋಪಾನ. ಸುಖವಾಗಿರು ಕಂದಾ.

ನಿನ್ನ ತಲೆ ಸವರುತ್ತಾ,
ಅಮ್ಮ

ತಾ.ಕ.: ಗಡಿಬಿಡಿಯಲ್ಲಿ ಮುಖ್ಯ ವಿಷಯವೇ ಉಳಿಯಿತು. ನಿಮ್ಮಪ್ಪ ಉಳಿದ ರಜೆಯನ್ನೆಲ್ಲ ಬಳಿದುಕೊಂಡು ಅವಳ ಊರಿಗೆ ಹೊರಟಿದ್ದಾರೆ, ಅವಳ ತರಗತಿಯಲ್ಲಿ ಕೂತು ಪಾಠ ಕೇಳುವುದಕ್ಕೆ! "ಕೊನೇ ಬೆಂಚಾದ್ರೂ ಸಾಕು" ಅನ್ನುತ್ತಾರೆ. ನಾನೂ ಜೊತೆಗೆ ಹೊರಟೆ. ಮನೆಗೆ ಬೀಗ, ರಜೆಗೆ ನೀನು ಅಲ್ಲಿಗೇ ಬಾ.