ಮೊಳೆಯಿಂದ ಇಳಿಸಿದ ಮರಳು ಚೀಲ

ಅಚ್ಚುಕೂಟದ ಹಿಂದಿನ ಕೋಣೆ,
ಒಂಬತ್ತನೇ ತಾರೀಕು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ನಿನ್ನ ಮರಳು ಚೀಲವನ್ನು ಮೊಳೆಯಿಂದ ಇಳಿಸಿ ಬಾಗಿಲಿಗೆ ಒತ್ತು ಕೊಟ್ಟವಳು ನಾನೇ. ಬಡಗಿ ಮಾವ ಅಲ್ಲ. ಅವರದೇ ಕೆಲಸ ಎಂದುಕೊಂಡು ನೀನು ಅವರ ಮೇಲೆ ಸಿಟ್ಟಾಗಿ, ಮೂರು ದಿನದ ರಜೆ ಉಳಿದಿರುವಾಗಲೇ ಬಸ್ಸು ಹತ್ತಿದೆ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿನ್ನ ಪೆಟ್ಟಿಗೆ ಹೊತ್ತು ನಿಂತಿದ್ದೆ.

ಈಗ ಕೇಳುತ್ತೇನೆ, ಹೇಗಿದ್ದೀಯಾ? ಬೆರಳ ತುದಿಯ ಚರ್ಮ ಇನ್ನೂ ಸುಲಿಯುತ್ತಿದೆಯಾ? ಅಪ್ಪ ಮುಲಾಮು ತಂದು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟಿದ್ದಾರೆ, ನೀನೇ ಬಂದು ಒಯ್ಯಬೇಕಂತೆ. ಸೂಜಿಗೆ ದಾರ ಪೋಣಿಸಲು ಈಗ ನನ್ನನ್ನು ಕರೆಯುತ್ತಾರೆ. ನಾನು ಎರಡು ಸಲ ತಪ್ಪಿದರೆ, "ಕರಪತ್ರ ಓದಿ ಓದಿ ನಿನ್ನ ಕಣ್ಣೂ ಹೋಯ್ತು ನೋಡು" ಅನ್ನುತ್ತಾರೆ.

ಓದುವ ಮನೆಯಲ್ಲಿ ದುಡಿಮೆಯ ಗೋಡೆ ಮಾಡೋಣ ಎಂದವಳು ನಾನು. ನಮ್ಮ ಬೀದಿಯಲ್ಲಿ ದುಡಿಯುವ ಒಂದೊಂದು ಕೈಗೆ ಒಂದೊಂದು ಮೊಳೆ. ಬಡಗಿ ಮಾವನ ಉಳಿ, ಅಪ್ಪನ ಕತ್ತರಿ, ನಾನು ಅಕ್ಷರ ಜೋಡಿಸುವ ಪಟ್ಟಿ. ನೀನು ತಂದದ್ದು ಅಂಗೈಯಗಲದ ಚೀಲ, ಸೈನ್ಯದಲ್ಲಿ ನೀನು ಪ್ಯಾರಾಚೂಟ್ ಮಡಿಸುವಾಗ ಬಟ್ಟೆ ಜಾರದಂತೆ ಮೇಲಿಡುವುದು. ನೀನು ಅದನ್ನು ನೇತುಹಾಕಿ ಮನೆಗೆ ಹೋದ ಮೇಲೆ ನಾನು ಎಲ್ಲರೆದುರು, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆಗೆ ಈ ಗೋಡೇಲಿ ಜಾಗ ಇಲ್ಲ" ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ತಲೆಗೇರಿತು. ಬಾಗಿಲು ಗಾಳಿಗೆ ಬಡಿಯುತ್ತಿತ್ತು, ನಿನ್ನ ಚೀಲ ಕೈಗೆ ಸಿಕ್ಕಿತು.

ಹೋದ ಶುಕ್ರವಾರ ಒಬ್ಬ ಸಿಪಾಯಿ ತೋಳು ಹರಿದ ಅಂಗಿ ಹಿಡಿದು ಅಪ್ಪನ ಅಂಗಡಿಗೆ ಬಂದ. ಹೊಲಿಗೆ ಮುಗಿಯುವ ತನಕ ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದ. ಅವನ ಮೊದಲ ಹಾರಾಟದ ಪ್ಯಾರಾಚೂಟ್ ಮಡಿಸಿದವರ ಸಹಿಯಂತೆ. "ಯಾರೋ ಏನೋ ಯಜಮಾನ್ರೇ, ಮುಖ ನೋಡಿಲ್ಲ. ಮಡಿಸಿದೋರು ಸಹಿ ಹಾಕ್ಬೇಕು. ನೀನು ಮಡಿಸಿದ್ದನ್ನೇ ಕಟ್ಕೊಂಡು ಹಾರು ಅಂತ ಅವರಿಗೇ ಯಾವತ್ತು ಹೇಳ್ತಾರೋ, ಅದೂ ಗೊತ್ತಿರಲ್ಲ. ಅದಕ್ಕೇ ನಮಗೆ ನಿದ್ದೆ ಬರೋದು." ನಾನು ಚೀಟಿಯನ್ನು ಕಿತ್ತುಕೊಂಡೇ ನೋಡಿದೆ. ನಿನ್ನ ಸಹಿ ಆಗಿರಲಿಲ್ಲ. ಆಗಿರಬೇಕಿತ್ತು ಅಂತ ಎಷ್ಟು ಆಸೆಯಾಯಿತು ಗೊತ್ತಾ?

ಮಾಡಿದವನೇ ಮಾಡಿದ್ದಕ್ಕೆ ಹೊಣೆ ಎಂಬ ಸಾಲಿಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ್ದೇನೆ. ಆ ಹೊಣೆಯನ್ನು ನೀನು ಬೆನ್ನಿಗೇ ಕಟ್ಟಿಕೊಂಡು ಹಾರುತ್ತೀ. ನಾನು ಅಚ್ಚು ಮಾಡಿದ ಒಂದು ಕರಪತ್ರದ ಕೆಳಗೂ ನನ್ನ ಹೆಸರಿಲ್ಲ. ಯುದ್ಧ ಬೇಡ ಎಂಬ ಮಾತನ್ನು ಬಿಟ್ಟಿಲ್ಲ ಅಕ್ಕಾ, ಬಿಡುವುದೂ ಇಲ್ಲ. ಆದರೆ ಇನ್ನೊಬ್ಬರ ಜೀವ ಮಡಿಕೆ ಮಡಿಕೆಯಾಗಿ ಕೈಯಲ್ಲಿ ಹಿಡಿಯುವುದು ಕೆಲಸವಲ್ಲ ಎಂದವಳಿಗೆ ದುಡಿಮೆಯ ಗೋಡೆ ಮಾಡುವ ಯೋಗ್ಯತೆಯೇ ಇರಲಿಲ್ಲ.

ಅಂದಿನಿಂದ ಯಂತ್ರದಿಂದ ಹಾಳೆ ಹೊರಬೀಳುವಾಗೆಲ್ಲ ಕಣ್ಣು ಎಲ್ಲೋ ಹೋಗುತ್ತದೆ. ಈ ಕೋಣೆಯ ಸೂರು ಕರಗಿ, ನಿನ್ನ ಉದ್ದದ ಮೇಜು ಆಕಾಶಕ್ಕೆ ಹಾಸಿದಂತೆ. ಬಿಳಿ ಬಟ್ಟೆ ಉಸಿರಾಡುತ್ತದೆ. ನೀನು ಎಳೆ ಎಣಿಸುತ್ತಾ ನಡೆಯುತ್ತೀ, ಚಿಕ್ಕವಳಿದ್ದಾಗ ನನ್ನ ಕೂದಲನ್ನು ಪಾಲು ಮಾಡುತ್ತಿದ್ದ ಹಾಗೆ, ತುಟಿ ಮಾತ್ರ ಅಲುಗಿಸುತ್ತಾ. ನನ್ನ ಕರಪತ್ರಗಳು ಮುಚ್ಚಿದ ಹಾಗೇ ಕೆಳಗೆ ಬೀಳುತ್ತವೆ. ನಿನ್ನವು ಒಂದೊಂದೇ ಅರಳಿ, ಸದ್ದಿಲ್ಲದೆ, ಯಾರ ಯಾರದೋ ಅಂಗಳಕ್ಕೆ ಮಕ್ಕಳನ್ನು ಇಳಿಸುತ್ತವೆ. ಫೋರ್‌ಮನ್ "ಏ ತಾಯಿ, ಎಲ್ಲಿದ್ದೀ? ಕಾಗದ ಮುಗೀತು!" ಎಂದು ಕೂಗಿದಾಗಲೇ ನೆಲಕ್ಕೆ ಬರುವುದು.

ಅಪ್ಪನ ಆಶೀರ್ವಾದ. ಬಡಗಿ ಮಾವನಿಗೆ ನಿನ್ನ ಮೇಲೆ ಬೇಸರವಿಲ್ಲ, ನನ್ನ ಮೇಲೆ ಬೇಕಾದಷ್ಟಿದೆ. ಬೆರಳು ಜೋಪಾನ.

ನಿನ್ನ ತಂಗಿ,
ಮೊಂಡಿ

ತಾ.ಕ.: ಗಂಟೆ ಹೊಡೆಯಿತು, ಬೇಗ ಹೇಳುತ್ತೇನೆ. ನಿನ್ನೆ ಓದುವ ಮನೆಯ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡು, ಅಕ್ಕನ ಮೊಳೆ ಅಕ್ಕನಿಗೆ ಕೊಡಿ ಎಂದೆ. ನಾನು ಕಲಿಸಿದ ಗಾದೆಯನ್ನೇ ನನ್ನ ಮುಖಕ್ಕೆ ಹೇಳಿದರು. ನನ್ನ ಪಟ್ಟಿಯನ್ನು ಗೋಡೆಯಿಂದ ಇಳಿಸಿಬಿಟ್ಟೆ. ಅಪ್ಪ ಎದ್ದು ಬಂದು ಕತ್ತರಿ ತೆಗೆದುಕೊಂಡರು, "ಸಾಣೆ ಹಿಡಿಸ್ಬೇಕಿತ್ತು" ಅಂತ ಸುಳ್ಳು ಹೇಳಿ. ಈಗ ನಮ್ಮ ಮನೆಯ ಮೂರೂ ಮೊಳೆ ಖಾಲಿ. ನಿನ್ನ ಮೊಳೆ ಕೊಡಬೇಕೋ ಬೇಡವೋ ಎಂದು ಸಮಿತಿ ಕೈ ಎತ್ತಿ ತೀರ್ಮಾನಿಸುವ ದಿನ ನೀನು ಅಲ್ಲಿರಬೇಕು. ಉಳಿದ ರಜೆ ಹಾಕು, ಸಮವಸ್ತ್ರದಲ್ಲೇ ಬಾ. ಚೀಲದ ಧೂಳು ಒರೆಸಿ ಇಟ್ಟಿದ್ದೇನೆ, ಮೆಟ್ಟಿಲ ಮೇಲೆ ಹಿಡಿದು ನಿಂತಿರುತ್ತೇನೆ. ಓದುವ ಮನೆ, ಹದಿನಾಲ್ಕನೇ ತಾರೀಕು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.