ವೆಲ್ಡರಣ್ಣನ ಹಾಜರಿ

ಮಾರ್ಚ್ ೧೨, ಗುರುವಾರ, ರಾತ್ರಿ

ನನ್ನ ತರಗತಿಗೆ ಬರುವ ವೆಲ್ಡರಣ್ಣ ತಲೆಯಿಂದ ಇಳಿಯುತ್ತಿಲ್ಲ. ನಮ್ಮ ಓದು-ಲೆಕ್ಕದ ತರಗತಿ ತಪ್ಪಿಸಿದವರಿಗೆ ನಿರುದ್ಯೋಗ ಭತ್ಯೆ ಇಲ್ಲವಂತೆ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ! ಪಾಠ ಹೇಳಲು ಬಂದ ನಾನು ಪೊಲೀಸಿನವಳಾಗಿ ಕೂತಿದ್ದೇನೆ.

ಇವತ್ತು ತರಗತಿ ಮುಗಿದು ನಾನು ಬೋರ್ಡು ಒರೆಸುತ್ತಿದ್ದಾಗ ಅವನು ಬಂದ. ಅಂಗಿಯ ತೋಳಿನಲ್ಲಿ ಕಿಡಿ ಹಾರಿ ಆದ ಹೊಸ ತೂತು.

"ಕೆಲಸ ಕೇಳೋಕೆ ಹೋಗಿದ್ದೆ ಮೇಡಂ. ಬೆಸುಗೆ ಹಾಕ್ಸಿ ನೋಡಿ ಮೆಚ್ಕೊಂಡ್ರು. ಆಮೇಲೆ ಗೋಡೆ ಮೇಲಿನ ಬೋರ್ಡ್ ಓದು ಅಂದ್ರು."

"ಓದಿದ್ಯೇನಣ್ಣ?"

"ಓದೋಕೆ ಬಂದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?"

ಕೆಲಸ ಹುಡುಕಿದ ತಪ್ಪಿಗೆ ಗೈರು ಹಾಕಲೇ? ಹಾಗಂತ ನಿಯಮ ಮಾಡಿದವರ ಮಾತೂ ಸುಳ್ಳಲ್ಲ. ಓದು ಬಂದಿದ್ದರೆ ಕೆಲಸ ಸಿಗುತ್ತಿತ್ತು. ಅದಕ್ಕೇ ಇನ್ನಷ್ಟು ಮೈ ಉರಿಯುತ್ತದೆ.

ಸುಳ್ಳು ಹಾಜರಿ ಹಾಕಲು ಕೈ ಬರಲಿಲ್ಲ. ಕಾವಲುಗಾರ ಬೀಗ ಅಲ್ಲಾಡಿಸುತ್ತ ನಿಂತಿದ್ದರೂ ವೆಲ್ಡರಣ್ಣನನ್ನು ಕೂರಿಸಿ, ಅಂಥ ಬೋರ್ಡುಗಳಲ್ಲಿ ಇರುವುದನ್ನೇ ಬರೆದು ಓದಿಸಿದೆ. ಪಾಠವಾದ ಮೇಲೆ ಹಾಜರಿ ಸುಳ್ಳಾಗುವುದಿಲ್ಲವಲ್ಲ.

"ಗ್ಯಾಸ್ ಇದೆ. ಕಿಡಿ ಹಾರಿಸಬೇಡಿ." ಒಂದೊಂದೇ ಅಕ್ಷರ ಕೂಡಿಸಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ತೋಳಿನ ತೂತನ್ನು ಮುಟ್ಟಿ ನೋಡಿಕೊಂಡ.

"ಇದೇ ಅಕ್ಷರಗಳ ಬೋರ್ಡು ನಮ್ಮ ಹಳೇ ಫ್ಯಾಕ್ಟ್ರೀಲೂ ಇತ್ತು ಮೇಡಂ. ದಿನಾ ಅದರ ಕೆಳಗೇ ನಿಂತು ಬೆಸುಗೆ ಹಾಕ್ತಿದ್ದೆ."