ಯಾರಿಗೆ ಬರಿ ಎಲೆ

ತೊಳೆತದ ನಂತರದ ತೊಂಬತ್ತೊಂದನೇ ವರ್ಷ,
ಮಹಾಲಯ ಅಮಾವಾಸ್ಯೆಯ ಮರುದಿನ, ಅರಸೀಕೆರೆ

ಚಂದ್ರಕಲಾ ಅಜ್ಜಿ,

ನಾನು ನಿನ್ನ ಆರನೇ ತಲೆಮಾರಿನ ಮೊಮ್ಮಗಳು, ನಿಹಾರಿಕಾ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ತೊಳೆತ ಎಂದರೆ ಯಂತ್ರಗಳಲ್ಲಿದ್ದ ದಾಖಲೆಗಳೆಲ್ಲ ಒಂದೇ ವಾರದಲ್ಲಿ ಅಳಿಸಿಹೋದದ್ದು. ಕಾಗದದಲ್ಲಿದ್ದದ್ದಷ್ಟೇ ಉಳಿಯಿತು. ನಮ್ಮ ಮನೆಗೆ ಉಳಿದದ್ದು ಎರಡು ಫೋಟೊ, ಮತ್ತೆ ನೀನು ಈಗ ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಿರುವ ನೋಟ್‌ಬುಕ್.

ಅದರ ಮೊದಲ ಪುಟದಲ್ಲಿ ನಿನ್ನ ಅಕ್ಷರ ನಡುಗಿದೆ. "ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಅವ್ರು ಸೌಟಲ್ಲಿ ಹೊಡೆದ್ರು. ಯಾರಿಗೂ ಹೇಳಂಗಿಲ್ಲ, ಅದಕ್ಕೇ ಬರೀತಿದೀನಿ." ಮೂವತ್ತನೇ ಪುಟದ ಹೊತ್ತಿಗೆ ಅಕ್ಷರ ದುಂಡಗಾಗಿದೆ. ಕೊನೆಯ ಪುಟದಲ್ಲಿ, "ಬರ್ದೂ ಬರ್ದೂ ಭಯ ಸವೆದೋಯ್ತು. ಸೋಮವಾರ ಮಗಳನ್ನ ಕರ್ಕೊಂಡು ಹೊರಡ್ತೀನಿ" ಎಂದಿದ್ದೀಯ. ಅದನ್ನು ಓದಿದಾಗಲೆಲ್ಲ ನನಗೆ ಕುಣಿಯಬೇಕು ಅನ್ನಿಸುತ್ತದೆ.

ಆದರೆ ನಿನ್ನ ಮೇಲೆ ಸಿಟ್ಟೂ ಇದೆ. ಗಂಡನ ಹೆಸರು ಹೇಳಬಾರದೆಂಬ ಹಾಳು ರೂಢಿಗೆ ಕಟ್ಟುಬಿದ್ದು ನೂರು ಪುಟದಲ್ಲೂ ಬರೀ 'ಅವ್ರು' ಎಂದೇ ಬರೆದಿದ್ದೀಯ. ಫೋಟೊಗಳ ಕೆಳಗೆ ಉಮಾಪತಿ, ನಟರಾಜ ಎಂದಿದೆ. ಅವರು ಅಣ್ಣತಮ್ಮಂದಿರು, ಅವರಲ್ಲೊಬ್ಬ ನಿನ್ನ ಗಂಡ ಅನ್ನುವುದಷ್ಟೇ ನಮಗೆ ಗೊತ್ತು. ದೊಡ್ಡವನು ಯಾರೆಂದೂ ಗೊತ್ತಿಲ್ಲ.

ಹಿರಿಯರ ಹಬ್ಬದ ದಿನ ನಾವು ನಿನ್ನ ನೋಟ್‌ಬುಕ್ಕನ್ನು ಗಟ್ಟಿಯಾಗಿ ಓದುತ್ತೇವೆ. ನೆರಳುಬೀದಿಯಲ್ಲಿ, ಎಂದರೆ ಬಿಸಿಲಿಗೆ ಸೂರು ಹೊದಿಸಿದ ರಸ್ತೆಯಲ್ಲಿ, ನೆರೆಹೊರೆಯವರೂ ಚಾಪೆ ಹಾಸಿ ಕೇಳುತ್ತಾರೆ. ಎಲ್ಲ ಹಿರಿಯರಿಗೂ ಎಡೆ ಇಡುತ್ತೇವೆ. ಹೊಡೆದವನ ಮುಂದೆ ಮಾತ್ರ ಬರಿ ಎಲೆ. ಹೋಳಿಗೆಯ ಘಮ ಅವನ ಮೂಗಿಗೆ ಬಡಿಯಲಿ, ಬಾಯಿಗೆ ಚೂರೂ ಸಿಗದಿರಲಿ. ದಪ್ಪ ಮೀಸೆ, ಕೆಕ್ಕರಿಸುವ ಕಣ್ಣು ನೋಡಿ ಅವನು ಉಮಾಪತಿಯೇ ಎಂದುಕೊಂಡೆವು. ಅರವತ್ತು ವರ್ಷ ಅವನನ್ನು ಉಪವಾಸ ಕೆಡವಿದೆವು. ನನಗೆ ಅದರಲ್ಲಿ ಎಂಥ ಖುಷಿಯಿತ್ತು!

ನಿನ್ನೆ ಅಂಟಿಕೊಂಡಿದ್ದ ಎರಡು ಹಾಳೆ ಬಿಡಿಸಿದೆವು. "ಮೈದುನ ಅಡ್ಡ ನಿಲ್ದೆ ಹೋಗಿದ್ರೆ ಇವತ್ತು ನನ್ ಕೈ ಮುರೀತಿತ್ತು" ಎಂದು ಬರೆದಿದ್ದೀಯ. ಅಮ್ಮ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟಳು. "ಆ ಮೈದುನ ಉಮಾಪತಿನೇ ಆಗಿದ್ರೆ, ಬಿಡಿಸ್ದೋನಿಗೇ ಬರಿ ಎಲೆ ಹಾಕ್ತಿದ್ವೇನೇ? ಹೊಡೆದೋನಿಗೆ ತುಪ್ಪ ಬಡಿಸ್ತಿದ್ವಾ?" ಎಂದಳು. ನನ್ನ ಮೈಯೆಲ್ಲ ಉರಿಯಿತು.

ಎರಡು ಎಲೆಯನ್ನೂ ಬರಿದಾಗಿಡಲು ನನಗೆ ಮನಸ್ಸಿಲ್ಲ. ಒಳ್ಳೆಯವನು ಉಣ್ಣಬೇಕು, ಇನ್ನೊಬ್ಬ ಅದನ್ನು ನೋಡುತ್ತ ಕೂತಿರಬೇಕು. ನಿನಗೆ ಅವನ ಮೇಲಿನ ಸಿಟ್ಟು ಆರಿರಬಹುದು, ನನಗಿನ್ನೂ ಆರಿಲ್ಲ. ಸೋಮವಾರ ಹೊಸಿಲು ದಾಟುವ ಮೊದಲು ಪೆನ್ನು ತಗೊಂಡು ಅವನ ಹೆಸರು ಬರೆದು ಹೋಗು. ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ.